ಬಿಸಿಲು ಬಾರದ ಕೋಣೆಯಲ್ಲಿ ಎಲ್‌ಇಡಿ ಸ್ಟ್ರಿಪ್ ಕಟ್ಟಿದೆ, ಆದರೂ ಸಸಿಗಳು ಸೊರಗಿದವು: ಎಲ್ಲಿ ತಪ್ಪಿದ್ದೇನೆ?

ಬಾಡಿಗೆಮನೆ ತೋಟ (ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ನಾವು ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಪೂರ್ವದ ಕಿಟಕಿಯಿಂದ ಹತ್ತು ಗಂಟೆಯವರೆಗೂ ಒಳಗೆ ಬರುತ್ತಿದ್ದ ಬಿಸಿಲು, ಪಕ್ಕದ ನಿವೇಶನದಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದ ಮೇಲೆ ಪೂರ್ತಿಯಾಗಿ ನಿಂತುಹೋಗಿದೆ. ತಾರಸಿಯಲ್ಲಿ ಕುಂಡ ಇಟ್ಟರೆ ಕೋತಿಗಳು ಉಳಿಸುವುದಿಲ್ಲ. ಗುಡಿಬಂಡೆ ಕಡೆಯ ಹಳ್ಳಿಯಲ್ಲಿ ಹೊಲದಲ್ಲೇ ಆಯುಸ್ಸು ಕಳೆದ ನಮ್ಮ ಅತ್ತೆಯವರು ಮಂಡಿನೋವಿನಿಂದಾಗಿ ಈಗ ನಮ್ಮ ಜೊತೆಯಲ್ಲಿದ್ದಾರೆ. ಕೂತಲ್ಲಿಂದ ಕಾಣುವಂತೆ ನಾಲ್ಕು ಹಸಿರು ಗಿಡ ಇರಬೇಕೆಂಬುದು ಅವರ ಆಸೆ. ಅದಕ್ಕಾಗಿ ನಡುಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಬ್ಬಿಣದ ರ‍್ಯಾಕ್ ಇಟ್ಟು, ಟೊಮೆಟೊ, ಮೆಣಸಿನಕಾಯಿ, ಮೆಂತ್ಯ ಮತ್ತು ಪಾಲಕ್ ಬಿತ್ತಿದೆ.

ದೀಪಕ್ಕೆ ನಾನು ಮಾಡಿದ್ದು ಇಷ್ಟು. ಗಿಡಗಳಿಗೆಂದೇ ಮಾರುವ ನೇರಳೆ ಬೆಳಕಿನ ಸ್ಟ್ರಿಪ್, ಅಂದರೆ ನಾಲ್ಕು ಕೆಂಪಿಗೆ ಒಂದು ನೀಲಿ ಇರುವ, 12 ವೋಲ್ಟಿನ, ಐದು ಮೀಟರಿನ ಎರಡು ಸುರುಳಿಗಳನ್ನು ತರಿಸಿ, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ, ಪ್ಲೈವುಡ್ ಹಲಗೆಗೆ ಅಂಟಿಸಿ, ಮನೆಯಲ್ಲಿದ್ದ 12 ವೋಲ್ಟ್ 5 ಆಂಪಿಯರ್ ಅಡಾಪ್ಟರಿಗೆ ಕೊಟ್ಟೆ. ಹಲಗೆ ಟ್ರೇಗಳಿಗಿಂತ ಎರಡೂವರೆ ಅಡಿ ಮೇಲಿದೆ. ಮೊದಲ ಸುರುಳಿ ಚೆನ್ನಾಗಿ ಉರಿಯುತ್ತದೆ, ಎರಡನೆಯದರ ಕೊನೆ ಮಂಕಾಗಿದೆ. ಅಡಾಪ್ಟರ್ ಮುಟ್ಟಲಾಗದಷ್ಟು ಕಾಯುತ್ತದೆ, ಆಗಾಗ ತಾನೇ ಆರಿ ಹತ್ತುತ್ತದೆ. ವಾರದಲ್ಲೇ ಅಂಟು ಬಿಟ್ಟು ಸ್ಟ್ರಿಪ್ ಜೋತುಬಿತ್ತು. ಸಸಿಗಳು ನೂಲಿನಂತೆ ಉದ್ದಕ್ಕೆ ಬೆಳೆದು ಬಿಳಿಚಿಕೊಂಡು ಮಗುಚಿವೆ. ಇನ್ನೂ ಎರಡು ಸುರುಳಿ ಸೇರಿಸಿದರೆ ಸರಿಹೋದೀತೇ? ತಿಳಿದವರು ದಯವಿಟ್ಟು ಹೇಳಿ.

ಬೆಸುಗೆ ಕಡ್ಡಿ (ತುಮಕೂರು)
ಅಕ್ಕ, ಮೊದಲು ಆ ಅಡಾಪ್ಟರನ್ನು ಈಗಲೇ ಕಳಚಿಡಿ, ಮಿಕ್ಕ ವಿಚಾರವನ್ನು ನಿಧಾನವಾಗಿ ಮಾತನಾಡೋಣ.

ಕಲ್ಪತರು (ತಿಪಟೂರು)
ನೇರಳೆ ಬೆಳಕನ್ನು ಆರಿಸಿದ್ದು ಸರಿಯಾಗಿಯೇ ಇದೆ. ಎಲೆಯ ಹರಿತ್ತು ಹೀರುವುದು ಕೆಂಪು ಮತ್ತು ನೀಲಿಯನ್ನು ಮಾತ್ರ. ಹಸಿರನ್ನು ಹೊರಕ್ಕೆ ತಳ್ಳುವುದರಿಂದಲೇ ಎಲೆ ನಮಗೆ ಹಸಿರಾಗಿ ಕಾಣುತ್ತದೆ. ಬಿಳಿ ದೀಪ ಹಾಕಿದರೆ ಅದರಲ್ಲಿರುವ ಹಸಿರು ಭಾಗದ ಕರೆಂಟು ವ್ಯರ್ಥ. ನೀವು ಸುರುಳಿಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಬೆಸುಗೆ ಕಡ್ಡಿ (ತುಮಕೂರು)
ಸಾಲದು. ಲೆಕ್ಕ ನೋಡಿ. ಪ್ರತಿ ಮೀಟರಿಗೆ ಅರವತ್ತು ದೀಪಗಳಿರುವ 5050 ಅಳತೆಯ ಸ್ಟ್ರಿಪ್ ಆಗಿದ್ದರೆ ಡಬ್ಬಿಯ ಮೇಲೆ ಮೀಟರಿಗೆ 14.4 ವ್ಯಾಟ್ ಎಂದು ಬರೆದಿರುತ್ತದೆ. ಅಂದರೆ ಐದು ಮೀಟರಿಗೆ 72, ಎರಡು ಸುರುಳಿಗೆ 144 ವ್ಯಾಟ್, 12 ವೋಲ್ಟಿನಲ್ಲಿ 12 ಆಂಪಿಯರ್. ನಿಮ್ಮ ಅಡಾಪ್ಟರಿನ ಶಕ್ತಿ 60 ವ್ಯಾಟ್. ಎರಡು ಮೂಟೆ ಹೊರುವವನ ಬೆನ್ನಿಗೆ ಐದು ಮೂಟೆ ಹೇರಿದ ಹಾಗಾಗಿದೆ. ಅದು ಆರಿ ಹತ್ತುತ್ತಿರುವುದು ತನ್ನನ್ನು ತಾನು ಉಳಿಸಿಕೊಳ್ಳಲು. ಎಸ್‌ಎಂಪಿಎಸ್ (230 ವೋಲ್ಟನ್ನು 12 ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆ) ಆಗಲಿ ಅಡಾಪ್ಟರ್ ಆಗಲಿ, ಬರೆದಿರುವ ಶಕ್ತಿಯ ನೂರಕ್ಕೆ ಎಂಬತ್ತರಷ್ಟನ್ನು ಮಾತ್ರ ಅದರಿಂದ ತೆಗೆಯಬೇಕು.

ತುದಿ ಮಂಕಾಗುವುದಕ್ಕೆ ಕಾರಣ ಬೇರೆ. ಸ್ಟ್ರಿಪ್ಪಿನ ಒಳಗಿರುವ ತಾಮ್ರದ ಪದರ ಬಹಳ ತೆಳು. ಉದ್ದ ಹೆಚ್ಚಿದಂತೆ ವೋಲ್ಟೇಜ್ ಇಳಿಯುತ್ತದೆ. ಬಿಳಿ ದೀಪವನ್ನೇ ಉದಾಹರಣೆಗೆ ತೆಗೆದುಕೊಂಡರೆ, ಮೂರು ದೀಪಗಳು ಸಾಲಾಗಿ ಸೇರಿ ಸುಮಾರು 9 ವೋಲ್ಟ್ ಬಳಸುತ್ತವೆ, ಉಳಿದ 3 ವೋಲ್ಟ್ ಪಕ್ಕದಲ್ಲಿರುವ, ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರಿನಲ್ಲಿ ಬೀಳುತ್ತದೆ. ಕೊನೆಯಲ್ಲಿ 12ರ ಬದಲು ಹತ್ತೂವರೆ ವೋಲ್ಟ್ ಮಾತ್ರ ತಲುಪಿದರೆ ರೆಸಿಸ್ಟರಿಗೆ ಸಿಗುವುದು ಒಂದೂವರೆ, ಆದ್ದರಿಂದ ಕರೆಂಟು ಅರ್ಧಕ್ಕೆ ಇಳಿಯುತ್ತದೆ, ಬೆಳಕೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಐದು ಮೀಟರಿಗಿಂತ ಉದ್ದಕ್ಕೆ ತುದಿಗೆ ತುದಿ ಜೋಡಿಸಲೇಬಾರದು. ಕತ್ತರಿ ಗುರುತಿರುವಲ್ಲಿ ತುಂಡು ಮಾಡಿ, ಪ್ರತಿ ತುಂಡಿಗೂ ದಪ್ಪ ತಂತಿಯಿಂದ ಬೇರೆಬೇರೆಯಾಗಿ ಕರೆಂಟು ಕೊಡಬೇಕು.

ಮಧುಗಿರಿ ಬೆಟ್ಟ
ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಕಟ್ಟುವಷ್ಟು ಬಿಸಿಲು ಸುರಿಯುವ ಸೀಮೆ ನಮ್ಮದು. ಬಿಸಿಲನ್ನು ಕರೆಂಟು ಮಾಡಿ, ಆ ಕರೆಂಟನ್ನು ಮತ್ತೆ ಬೆಳಕು ಮಾಡಿ ಮೆಂತ್ಯ ಬೆಳೆಯುವ ಅಗತ್ಯವೇನಿದೆ? ತಾರಸಿಗೆ ಜಾಲರಿ ಹಾಕಿಸಿ.

ಬಾಡಿಗೆಮನೆ ತೋಟ (ಚಿಕ್ಕಬಳ್ಳಾಪುರ)
ಜಾಲರಿ ಹಾಕಿಸಲು ಮನೆಯ ಮಾಲೀಕರ ಒಪ್ಪಿಗೆ ಇಲ್ಲ ಸರ್. ಹಾಕಿಸಿದರೂ ಅತ್ತೆಯವರು ಅಲ್ಲಿಗೆ ಹತ್ತಲಾರರು.

ಸೇವಂತಿಗೆ ಸಾಲು (ಚಿಕ್ಕಬಳ್ಳಾಪುರ ತಾಲ್ಲೂಕು)
ಮಧುಗಿರಿಯವರೇ, ಬಿಸಿಲಿದ್ದರೂ ದೀಪ ಹಾಕುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ರಾತ್ರಿ ಈ ಕಡೆ ಬಸ್ಸಿನಲ್ಲಿ ಬಂದರೆ ಸೇವಂತಿಗೆ ಹೊಲಗಳ ಮೇಲೆ ಸಾಲುಸಾಲಾಗಿ ಬಲ್ಬು ಉರಿಯುವುದು ಕಾಣುತ್ತದೆ.

ಮುಳಬಾಗಿಲು ದೋಸೆ
ಸೇವಂತಿಗೆಗೆ ಅಷ್ಟು ದೂರಕ್ಕೊಂದು ಬಲ್ಬು ಸಾಕಾಗುವುದಾದರೆ, ಒಂದು ರ‍್ಯಾಕಿಗೆ ಹತ್ತು ಮೀಟರ್ ಸ್ಟ್ರಿಪ್ ಏಕೆ ಸಾಲದು?

ಸೇವಂತಿಗೆ ಸಾಲು (ಚಿಕ್ಕಬಳ್ಳಾಪುರ ತಾಲ್ಲೂಕು)
ಎರಡೂ ಒಂದೇ ಅಲ್ಲ, ಅಲ್ಲಿಯೇ ಬಹಳ ಜನ ಎಡವುತ್ತಾರೆ. ಸೇವಂತಿಗೆ ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗ ಮೊಗ್ಗು ಕಟ್ಟುವ ಗಿಡ. ಗಿಡ ಇನ್ನೂ ಎಳೆಯದಾಗಿರುವಾಗಲೇ ಮೊಗ್ಗು ಬಂದರೆ ಕಾಂಡವೂ ಬಲಿಯುವುದಿಲ್ಲ, ಇಳುವರಿಯೂ ಸಿಗುವುದಿಲ್ಲ. ಆದ್ದರಿಂದ ರಾತ್ರಿಯ ನಡುವೆ ಕೆಲವು ಗಂಟೆ ದೀಪ ಹಾಕಿ ಕತ್ತಲನ್ನು ಮುರಿಯುತ್ತೇವೆ. ಗಿಡ ಇನ್ನೂ ಹಗಲು ದೊಡ್ಡದಿದೆ ಎಂದೇ ತಿಳಿದು ಎಲೆ, ಕಾಂಡ ಬೆಳೆಸುತ್ತಾ ಹೋಗುತ್ತದೆ. ಬೇಕಾದಷ್ಟು ಎತ್ತರ ಬಂದ ಮೇಲೆ ದೀಪ ನಿಲ್ಲಿಸಿದರೆ ಮೊಗ್ಗು ಹಿಡಿಯುತ್ತದೆ. ಆ ಬಲ್ಬಿನ ಬೆಳಕು ಗಿಡಕ್ಕೆ ಸಮಯ ತಿಳಿಸುವ ಸೂಚನೆ ಅಷ್ಟೇ, ಊಟವಲ್ಲ. ಊಟವನ್ನು ಅದು ಹಗಲಿಡೀ ಬಿಸಿಲಿನಲ್ಲಿ ಮಾಡಿರುತ್ತದೆ. ಅಕ್ಕನವರ ಕೋಣೆಯಲ್ಲಿ ಸಂಪೂರ್ಣ ಊಟವನ್ನೂ ದೀಪವೇ ಬಡಿಸಬೇಕು, ಆದ್ದರಿಂದ ಲೆಕ್ಕವೇ ಬೇರೆ.

ಭೌತಪಾಠ (ಕೋಲಾರ)
ಊಟದ ಹೋಲಿಕೆ ಚೆನ್ನಾಗಿದೆ, ಅದನ್ನೇ ಅಂಕಿಗಳಲ್ಲಿ ಹೇಳುತ್ತೇನೆ. ನಿವೃತ್ತ ಮೇಷ್ಟ್ರಾದ ನನಗೆ ದೀರ್ಘವಾಗಿ ಹೇಳುವ ಅಭ್ಯಾಸವಿದೆ. ದಯವಿಟ್ಟು ತಾಳ್ಮೆಯಿಂದ ಓದಿ.

ಗಿಡ ಬಳಸಿಕೊಳ್ಳುವುದು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿಗೆ ಇಂಥ ಬೆಳಕಿನ ಕಣಗಳು ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೋಮೋಲ್‌ಗಳಲ್ಲಿ ಅಳೆಯುತ್ತಾರೆ. ನೆತ್ತಿಯ ಮೇಲಿನ ಬಿರುಬಿಸಿಲು ಸುಮಾರು 2,000 ಮೈಕ್ರೋಮೋಲ್, ಕಣ್ಣಿಗೆ ಕಾಣುವ ಬೆಳಕಿನ ಅಳತೆಯಾದ ಲಕ್ಸ್ ಲೆಕ್ಕದಲ್ಲಿ ಒಂದು ಲಕ್ಷದಷ್ಟು. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಕೆಲವೇ ನೂರು ಲಕ್ಸ್ ಇರುವ ಕೋಣೆಯೂ ನಮಗೆ ಬೆಳಕಾಗಿಯೇ ಕಾಣುತ್ತದೆ. ಗಿಡಕ್ಕೆ ಅದು ಉಪವಾಸ. ಎಲೆಗೆ ಬೇಕಾಗುವುದು ದಿನದ ಒಟ್ಟು ಮೊತ್ತ, ಅದನ್ನು ಮೋಲ್‌ಗಳಲ್ಲಿ ಎಣಿಸುತ್ತಾರೆ (ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಟೊಮೆಟೊ, ಮೆಣಸಿನಕಾಯಿ ಸಸಿಗಳಿಗೆ ಚದರ ಮೀಟರಿಗೆ ದಿನಕ್ಕೆ ಹತ್ತು ಮೋಲ್ ಆದರೂ ಬೇಕು, ಸೊಪ್ಪಿಗೂ ಹನ್ನೆರಡರ ಆಸುಪಾಸು ಸಿಕ್ಕರೆ ಒಳ್ಳೆಯದು. ಟೊಮೆಟೊ ಕಾಯಿ ಬಿಡಿಸುವುದಾದರೆ ಇಪ್ಪತ್ತು ಮೀರಬೇಕು, ಆದ್ದರಿಂದ ಮನೆಯೊಳಗೆ ಕಾಯಿಯ ಆಸೆ ಬಿಟ್ಟು ಸಸಿ ಮತ್ತು ಸೊಪ್ಪಿಗೆ ನಿಲ್ಲಿಸುವುದು ಉತ್ತಮ.

ಇನ್ನು ಕಲ್ಪತರು ಅವರ ಮಾತು. ದ್ರಾವಣದಲ್ಲಿ ಬೇರ್ಪಡಿಸಿದ ಹರಿತ್ತು ಹಸಿರನ್ನು ಕಡಿಮೆ ಹೀರುತ್ತದೆ ಎಂಬುದು ನಿಜ. ಆದರೆ ಇಡೀ ಎಲೆ ಹಾಗಲ್ಲ. ತನ್ನ ಮೇಲೆ ಬಿದ್ದ ಹಸಿರು ಬೆಳಕಿನಲ್ಲಿ ಹೆಚ್ಚಿನ ಪಾಲನ್ನು ಅದು ಹೀರಿಕೊಂಡು ದ್ಯುತಿಸಂಶ್ಲೇಷಣೆಗೆ ಬಳಸುತ್ತದೆ. ಮೇಲಿನ ಎಲೆಯನ್ನು ದಾಟಿ ಕೆಳಗಿನ ಎಲೆಗೆ ತಲುಪುವುದರಲ್ಲಿಯೂ ಹಸಿರೇ ಮುಂದು. ಮೆಕ್‌ಕ್ರೀ ಎಂಬ ವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ. ಬಿಳಿ ಎಲ್‌ಇಡಿ ಎಂದರೆ ಒಳಗೆ ನೀಲಿ ದೀಪ, ಅದರ ಮೇಲೆ ಹಳದಿ ಬೆಳಕು ಸೂಸುವ ಲೇಪ. ಆ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೋ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿಯಿಂದ ಕೆಂಪಿನವರೆಗೆ ಎಲ್ಲವೂ ಇರುವ ಈ ಬಿಳಿ ಬೆಳಕು ಗಿಡಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಕಲ್ಪತರು (ತಿಪಟೂರು)
ಮೇಷ್ಟ್ರೇ, ಎಲೆ ಹಸಿರನ್ನೂ ಬಳಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ 660 ನ್ಯಾನೋಮೀಟರಿನ ಕೆಂಪು ದೀಪ ಬಿಳಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕಣಗಳನ್ನು ಕೊಡುತ್ತದೆ ಎಂಬ ನನ್ನ ಮಾತನ್ನು ಬಿಡಲಾರೆ.

ಭೌತಪಾಠ (ಕೋಲಾರ)
ಉತ್ತಮ ದರ್ಜೆಯ ದೀಪಗಳ ಮಟ್ಟಿಗೆ ಅದು ಸರಿಯಾದ ಮಾತು, ಒಪ್ಪಿಕೊಂಡೆ.

ಬೆಸುಗೆ ಕಡ್ಡಿ (ತುಮಕೂರು)
ಅಗ್ಗದ ಸ್ಟ್ರಿಪ್ಪಿನಲ್ಲಿ ಅಂಥ ದೀಪ ಸಿಗುವುದು ಅಪರೂಪ, ತೊಂದರೆ ಅಲ್ಲಿದೆ. ಅಲಂಕಾರದ ಸ್ಟ್ರಿಪ್ಪುಗಳಲ್ಲಿರುವುದು 620ರಿಂದ 630ರ ಸಾಧಾರಣ ಕೆಂಪು. ನಾನು ಅಂಗಡಿಯಲ್ಲಿ ಬಿಚ್ಚಿ ನೋಡಿದ ಎಷ್ಟೋ ಸುರುಳಿಗಳು ಬರೆದಿರುವ ವ್ಯಾಟಿನ ಅರ್ಧವನ್ನೂ ಎಳೆಯುತ್ತಿರಲಿಲ್ಲ. ಕೊಂಡ ಕೂಡಲೇ ಮಲ್ಟಿಮೀಟರಿನಲ್ಲಿ ಆಂಪಿಯರ್ ಅಳೆದು ನೋಡುವುದು ಒಳ್ಳೆಯದು.

ಸಸಿಮಡಿ (ಚಿಂತಾಮಣಿ)
ನೇರಳೆ ಬೆಳಕಿಗೆ ನನ್ನ ತಕರಾರು ಬೇರೆಯೇ ಇದೆ. ಆ ಬಣ್ಣದಲ್ಲಿ ಎಲೆ ಹಳದಿಯಾಗಿದೆಯೋ ಇಲ್ಲವೋ, ಎಲೆಯಡಿಯಲ್ಲಿ ಬಿಳಿನೊಣ ಕೂತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಎಲೆಗಳೆಲ್ಲ ಕಪ್ಪಗೆ ಕಾಣುತ್ತವೆ. ಸಸಿ ಬೆಳೆಸುವವನ ಅರ್ಧ ಕೆಲಸ ದಿನಾ ಕಣ್ಣಿಟ್ಟು ನೋಡುವುದು. ಅದರ ಮೇಲೆ, ಅತ್ತೆಯವರು ನೋಡಿ ಸಂತೋಷಪಡಲೆಂದು ಬೆಳೆಸುತ್ತಿರುವ ಗಿಡ ಎಂದು ನೀವೇ ಬರೆದಿದ್ದೀರಿ. ಹಸಿರು ಹಸಿರಾಗಿಯೇ ಕಾಣುವ ಬಿಳಿ ದೀಪವನ್ನೇ ಹಾಕಿ.

ಸಸಿ ಉದ್ದಕ್ಕೆ ಹೋಗಿ ಬೀಳುವುದು ಬೆಳಕನ್ನು ಹುಡುಕಿಕೊಂಡು. ನಮ್ಮ ನೆರಳುಪರದೆಯ ಕೆಳಗೆ ಟೊಮೆಟೊ ಇಪ್ಪತ್ತೊಂದರಿಂದ ಇಪ್ಪತ್ತೈದು ದಿನಕ್ಕೆ, ಮೆಣಸಿನಕಾಯಿ ಮೂವತ್ತೈದರಿಂದ ನಲವತ್ತು ದಿನಕ್ಕೆ ನಾಟಿಗೆ ಬರುತ್ತದೆ. ಪರದೆ ದಟ್ಟವಾಗಿ ಬಿದ್ದ ಮೂಲೆಯ ಟ್ರೇಗಳಲ್ಲಿ ಇದೇ ರೋಗ ಕಾಣುತ್ತದೆ. ಎರಡೂವರೆ ಅಡಿ ಎತ್ತರದಿಂದ ಆ ದೀಪದ ಬೆಳಕು ಗೋಡೆಗೇ ಹೆಚ್ಚು ಹೋಗಿರುತ್ತದೆ. ಸಸಿಯ ತುದಿಯಿಂದ ಒಂದು ಗೇಣು ಮೇಲಕ್ಕೆ ಇರಿಸಿ, ಬೆಳೆದಂತೆಲ್ಲಾ ಸರಪಳಿಯಿಂದ ಮೇಲೆತ್ತಿ.

ಬಾಡಿಗೆಮನೆ ತೋಟ (ಚಿಕ್ಕಬಳ್ಳಾಪುರ)
ಎಲ್ಲರಿಗೂ ಧನ್ಯವಾದ. ಅಡಾಪ್ಟರ್ ಕಳಚಿಟ್ಟಿದ್ದೇನೆ. ಹಾಗಾದರೆ ಬಿಳಿ ಸ್ಟ್ರಿಪ್ಪಿನಲ್ಲಿ ನನ್ನ ರ‍್ಯಾಕಿನ ಒಂದು ಅಂತಸ್ತಿಗೆ ಎಷ್ಟು ಬೇಕು ಎಂದು ಯಾರಾದರೂ ಲೆಕ್ಕ ಹಾಕಿಕೊಡುತ್ತೀರಾ?

ಭೌತಪಾಠ (ಕೋಲಾರ)
ಖಂಡಿತ. ನಾಲ್ಕು ಅಡಿಗೆ ಒಂದೂವರೆ ಅಡಿ ಎಂದರೆ 1.2 ಮೀಟರಿಗೆ 0.45 ಮೀಟರ್, ಒಟ್ಟು 0.54 ಚದರ ಮೀಟರ್. ಮೀಟರಿಗೆ 120 ದೀಪಗಳಿರುವ, 9.6 ವ್ಯಾಟ್ ಎಳೆಯುವ, 2835 ಅಳತೆಯ ಬಿಳಿ ಸ್ಟ್ರಿಪ್ ತೆಗೆದುಕೊಳ್ಳಿ. ಎರಡು ಸುರುಳಿಗಳಿಂದ 1.2 ಮೀಟರಿನ ಎಂಟು ತುಂಡುಗಳು ಬರುತ್ತವೆ, ಒಟ್ಟು 92 ವ್ಯಾಟ್. ದೀಪ ಸೂಸುವ ಒಟ್ಟು ಬೆಳಕನ್ನು ವ್ಯಾಟಿಗೆ 90 ಲ್ಯೂಮೆನ್ ಎಂದು ಹಿಡಿದರೆ 8,300 ಲ್ಯೂಮೆನ್, ಅದರಲ್ಲಿ ಐದನೇ ಒಂದು ಭಾಗ ಪಕ್ಕಕ್ಕೆ ಸೋರಿದರೆ, ಉಳಿದದ್ದನ್ನು 0.54 ಚದರ ಮೀಟರಿನಿಂದ ಭಾಗಿಸಿದಾಗ ಟ್ರೇಯ ಮೇಲೆ ಸುಮಾರು 12,000 ಲಕ್ಸ್. ಬಿಳಿ ಎಲ್‌ಇಡಿಗೆ ಲಕ್ಸನ್ನು ಸರಿಸುಮಾರು 70ರಿಂದ ಭಾಗಿಸಿದರೆ ಮೈಕ್ರೋಮೋಲ್ ಬರುತ್ತದೆ, ಇಲ್ಲಿ 170ರಿಂದ 175. ದಿನಕ್ಕೆ ಹದಿನಾರು ಗಂಟೆ ಉರಿಸಿದರೆ ಹತ್ತು ಮೋಲ್ ಆಗುತ್ತದೆ, ಸಸಿಗಳಿಗೆ ಅಗತ್ಯವಿರುವಷ್ಟು. ಒಂದೇ ಸುರುಳಿಯಾದರೆ ಐದು ಮೋಲಿಗೆ ನಿಲ್ಲುತ್ತದೆ. ಮತ್ತೆ ನೂಲಿನಂತಹ ಸಸಿಗಳೇ ಬರುತ್ತವೆ.

ಮೊಬೈಲಿನ ಲಕ್ಸ್ ಆ್ಯಪ್ ಕರಾರುವಾಕ್ಕಾಗಿ ಅಳೆಯದಿದ್ದರೂ ಒಂದು ಮೂಲೆಗೂ ನಡುವಿಗೂ ಇರುವ ವ್ಯತ್ಯಾಸ ತೋರಿಸಲು ಸಾಕು. ನೇರಳೆ ಬೆಳಕಿಗೆ ಮಾತ್ರ ಈ 70ರ ಭಾಗಾಕಾರ ಹಿಡಿಯಬೇಡಿ, ಏಕೆಂದರೆ ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ, ಕಣ್ಣಿಗೆ ಹಸಿರೇ ಹೆಚ್ಚು ಪ್ರಖರ.

ಮಧುಗಿರಿ ಬೆಟ್ಟ
92 ವ್ಯಾಟ್ ಹದಿನಾರು ಗಂಟೆ ಉರಿದರೆ ಬಿಲ್ಲು ಎಷ್ಟಾಗುತ್ತದೆ ಎಂಬುದನ್ನೂ ಹೇಳಿಬಿಡಿ ಮೇಷ್ಟ್ರೇ.

ಬೆಸುಗೆ ಕಡ್ಡಿ (ತುಮಕೂರು)
ಅದನ್ನು ನಾನು ಹೇಳುತ್ತೇನೆ. ಎಸ್‌ಎಂಪಿಎಸ್ಸಿನಲ್ಲಿ ಆಗುವ ನಷ್ಟ ಸೇರಿಸಿದರೆ ಗೋಡೆಯಿಂದ 108 ವ್ಯಾಟ್, ದಿನಕ್ಕೆ 1.7 ಯೂನಿಟ್, ತಿಂಗಳಿಗೆ 52 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಯಾದರೆ ಇದನ್ನು ಗಮನಿಸಲೇಬೇಕು. ಅಲ್ಲಿ ಉಚಿತವಾಗಿ ಸಿಗುವುದು 200 ಯೂನಿಟ್ಟಿನ ಒಳಗೆ ಆಯಾ ಮನೆಗೆ ನಿಗದಿಯಾದ ಸರಾಸರಿಯ ಲೆಕ್ಕದಷ್ಟು, ಮೀರಿದ್ದಕ್ಕೆ ಹಣ ಕಟ್ಟಬೇಕಾಗುತ್ತದೆ.

ಈ ಕಾರಣಕ್ಕೇ ನಾನೊಂದು ಮಾತು ಹೇಳಬೇಕು. ಸ್ಟ್ರಿಪ್ ಕಟ್ಟುವುದು ನನ್ನ ಹೊಟ್ಟೆಪಾಡು, ಆದರೂ ಸತ್ಯ ಮುಚ್ಚಿಡಲಾರೆ. ಸ್ಟ್ರಿಪ್ಪಿನಲ್ಲಿ ಕಾಲು ಭಾಗ ವಿದ್ಯುತ್ತು ರೆಸಿಸ್ಟರಿನಲ್ಲೇ ಬಿಸಿಯಾಗಿ ಹೋಗುತ್ತದೆ, ಅದರ ಮೇಲೆ ಎಸ್‌ಎಂಪಿಎಸ್ ನಷ್ಟ ಬೇರೆ. ಅದರ ಬದಲು ನಾಲ್ಕು ಅಡಿಯ, 20 ವ್ಯಾಟಿನ, 2,000 ಲ್ಯೂಮೆನ್ ಕೊಡುವ ಸಾಮಾನ್ಯ ಎಲ್‌ಇಡಿ ಟ್ಯೂಬ್‌ಲೈಟ್ ನಾಲ್ಕು ತಂದು ಪಕ್ಕಪಕ್ಕದಲ್ಲಿ ಕಟ್ಟಿದರೆ 80 ವ್ಯಾಟಿಗೆ 8,000 ಲ್ಯೂಮೆನ್ ಸಿಗುತ್ತದೆ. ಡ್ರೈವರ್ ಒಳಗೇ ಇರುತ್ತದೆ, ತಿಂಗಳಿಗೆ 38 ಯೂನಿಟ್ ಸಾಕು, ನಿಮ್ಮ ರ‍್ಯಾಕಿನ ಉದ್ದಕ್ಕೂ ಸರಿಯಾಗಿ ಹೊಂದುತ್ತದೆ.

ಕಲ್ಪತರು (ತಿಪಟೂರು)
ಒಂದು ಅಡಿ ಎತ್ತರದ ಅಂತಸ್ತಿನಲ್ಲಿ ಟ್ಯೂಬ್‌ಲೈಟ್ ಜಾಗ ತಿನ್ನುತ್ತದೆ, ಸ್ಟ್ರಿಪ್ ತಿನ್ನುವುದಿಲ್ಲ. ನಾನು ಅಡಿಗೆಮನೆಯ ಕಪಾಟಿನ ಕೆಳಗೆ ಸ್ಟ್ರಿಪ್ ಹಾಕಿಯೇ ನಾಲ್ಕು ವರ್ಷದಿಂದ ಮೆಂತ್ಯ, ಸಾಸಿವೆಯ ಎಳೆಮೊಳಕೆ ಬೆಳೆಯುತ್ತಿದ್ದೇನೆ. ಎರಡು ಎಲೆ ಬಂದೊಡನೆ ಕತ್ತರಿಸುವ ಬೆಳೆಗೆ ಇಷ್ಟೆಲ್ಲ ಮೋಲುಗಳೂ ಬೇಡ. ಸ್ಟ್ರಿಪ್ಪನ್ನು ಪೂರ್ತಿ ತಳ್ಳಿಹಾಕಬೇಡಿ.

ಬೆಸುಗೆ ಕಡ್ಡಿ (ತುಮಕೂರು)
ಚಿಕ್ಕ ಜಾಗಕ್ಕೆ, ಎಳೆಮೊಳಕೆಗೆ ಸ್ಟ್ರಿಪ್ ಸರಿ ಅಣ್ಣ, ಅದರಲ್ಲಿ ನನಗೂ ತಕರಾರಿಲ್ಲ. ಕಟ್ಟುವವರು ಮಾತ್ರ ಈ ಎಚ್ಚರಿಕೆಗಳನ್ನು ಬಿಡಬಾರದು. ಸ್ಟ್ರಿಪ್ಪನ್ನು ಪ್ಲೈವುಡ್ಡಿಗೆ ಅಂಟಿಸಬಾರದು. ಅದರ ಬಿಸಿ ಹೋಗಲು ಲೋಹ ಬೇಕು. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ಉಳಿದ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ, ಅವುಗಳನ್ನು ಚೆನ್ನಾಗಿ ಒರೆಸಿ ಅಂಟಿಸಿ. ಅರ್ಧ ಗಂಟೆ ಉರಿದ ಮೇಲೆ ಬೆರಳಿಟ್ಟರೆ ಐದು ಸೆಕೆಂಡು ತಡೆದುಕೊಳ್ಳುವಂತಿರಬೇಕು. 92 ವ್ಯಾಟಿಗೆ 12 ವೋಲ್ಟ್ 10 ಆಂಪಿಯರಿನ ಎಸ್‌ಎಂಪಿಎಸ್ ಬೇಕು, ಅಲ್ಲಿಂದ ಬರುವ ಮುಖ್ಯ ತಂತಿ 1.5 ಚದರ ಮಿಲಿಮೀಟರಿನದಾಗಿರಲಿ, ಫ್ಯೂಸ್ ಹಾಕಿ. 12 ವೋಲ್ಟ್ ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಧೈರ್ಯವಾಗಿರುವವರು ಎಸ್‌ಎಂಪಿಎಸ್ಸಿನ ಇನ್ನೊಂದು ಬದಿಯಲ್ಲಿ 230 ವೋಲ್ಟಿನ ತಿರುಪುಗಳು ತೆರೆದೇ ಇರುತ್ತವೆ ಎಂಬುದನ್ನು ಮರೆಯುತ್ತಾರೆ. ಅದಕ್ಕೆ ಮುಚ್ಚಳ ಇರಲೇಬೇಕು, ಅರ್ತಿಂಗ್ ಕೊಡಲೇಬೇಕು.

ಸಸಿಮಡಿ (ಚಿಂತಾಮಣಿ)
ನನ್ನ ತಂಗಿಯ ಮನೆಯಲ್ಲಿ ಮೇಲಿನ ಟ್ರೇಗೆ ಹಾಕಿದ ನೀರು ತಂತಿಗುಂಟ ಇಳಿದು ಕೆಳಗಿದ್ದ ಎಸ್‌ಎಂಪಿಎಸ್ಸಿಗೆ ಹೋಗಿತ್ತು. ಕರೆಂಟು ಸೋರಿದೊಡನೆ ತಾನೇ ಆರಿಸುವ ಆರ್‌ಸಿಸಿಬಿ ಸ್ವಿಚ್ಚು ಬಿದ್ದುದರಿಂದ ಅನಾಹುತ ತಪ್ಪಿತು. ಪೆಟ್ಟಿಗೆಯನ್ನು ರ‍್ಯಾಕಿನ ಹೊರಗೆ, ಟ್ರೇಗಳಿಗಿಂತ ಎತ್ತರದಲ್ಲಿ ಗೋಡೆಗೆ ಬಿಗಿಯಿರಿ. ತಂತಿಯನ್ನು ಪೆಟ್ಟಿಗೆಗೆ ಸೇರಿಸುವ ಮುಂಚೆ ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಮುಳಬಾಗಿಲು ದೋಸೆ
ಹದಿನಾರು ಗಂಟೆಯ ಬದಲು ಇಪ್ಪತ್ನಾಲ್ಕು ಗಂಟೆಯೂ ಉರಿಸಿದರೆ ಕಡಿಮೆ ದೀಪದಲ್ಲೇ ಮುಗಿಯುತ್ತದಲ್ಲವೇ?

ಸಸಿಮಡಿ (ಚಿಂತಾಮಣಿ)
ಹಾಗೆ ಮಾಡಬೇಡಿ. ಟೊಮೆಟೊಗೆ ಕತ್ತಲೇ ಇಲ್ಲದಂತೆ ಮಾಡಿದರೆ ಎಲೆ ಹಳದಿ ಮಚ್ಚೆಯಾಗಿ ಕೆಡುತ್ತದೆ.

ಸೇವಂತಿಗೆ ಸಾಲು (ಚಿಕ್ಕಬಳ್ಳಾಪುರ ತಾಲ್ಲೂಕು)
ಪಾಲಕ್ ಇದ್ದರೆ ಹದಿನಾರು ಗಂಟೆಯೂ ಹೆಚ್ಚಾಯಿತು. ಅದು ಸೇವಂತಿಗೆಗೆ ತದ್ವಿರುದ್ಧ. ಹಗಲು ದೊಡ್ಡದಾದರೆ ಎಲೆ ಬಿಟ್ಟು ಹೂದಂಟು ಎತ್ತಿಬಿಡುತ್ತದೆ. ಪಾಲಕ್ಕಿಗೆ ಹನ್ನೆರಡು ಗಂಟೆಯೇ ಸಾಕು, ಬೇಕಾದರೆ ದೀಪವನ್ನು ಹತ್ತಿರ ತನ್ನಿ. ಎರಡು ಅಂತಸ್ತಿಗೆ ಎರಡು ಟೈಮರ್ ಇಡಿ.

ಬೆಸುಗೆ ಕಡ್ಡಿ (ತುಮಕೂರು)
ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಿ. ಸುತ್ತ ಮುಳ್ಳುಗಳಿರುವ ತಿರುಗುವ ಟೈಮರ್ ಕರೆಂಟು ಹೋದಷ್ಟು ಹೊತ್ತು ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟು ಹೋದರೆ ಅಂದಿನಿಂದ ಎರಡು ಗಂಟೆ ತಡವಾಗಿಯೇ ನಡೆಯುತ್ತದೆ.

ಬಾಡಿಗೆಮನೆ ತೋಟ (ಚಿಕ್ಕಬಳ್ಳಾಪುರ)
ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಮಧ್ಯದ ಅಂತಸ್ತಿಗೆ ನಾಲ್ಕು ಟ್ಯೂಬ್‌ಲೈಟ್, ಕೆಳಗಿನ ಚಿಕ್ಕ ಅಂತಸ್ತಿಗೆ ಅಲ್ಯೂಮಿನಿಯಂ ಮೇಲೆ ಬಿಳಿ ಸ್ಟ್ರಿಪ್ ಒಂದು ಸುರುಳಿ ಹಾಕಿಸಿದೆವು. ನಮ್ಮ ಹಳೆಯ 5 ಆಂಪಿಯರ್ ಅಡಾಪ್ಟರ್ ಕೆಟ್ಟಿರಲಿಲ್ಲ, ಒಂದು ಸುರುಳಿಗೆ ಅದೇ ಸಾಕಾಯಿತು, ಈಗ ಸ್ವಲ್ಪ ಬೆಚ್ಚಗಾಗುತ್ತದೆ ಅಷ್ಟೇ. ರ‍್ಯಾಕಿನ ಮೂರು ಬದಿಗೆ ಬಿಳಿ ಥರ್ಮಾಕೋಲ್ ಕಟ್ಟಿದಾಗ ಮೂಲೆಯ ಲಕ್ಸ್ ಏಳು ಸಾವಿರದಿಂದ ಹತ್ತು ಸಾವಿರಕ್ಕೆ ಏರಿತು. ನಾಲ್ಕನೆಯ ಬದಿಯನ್ನು ತೆರೆದಿಟ್ಟಿದ್ದೇವೆ, ಏಕೆಂದರೆ ಅತ್ತೆಯವರ ಕುರ್ಚಿ ಅಲ್ಲಿದೆ. ಟೊಮೆಟೊ ಸಸಿ ಗಿಡ್ಡಗೆ, ಕಾಂಡ ನೇರಳೆ ಛಾಯೆಗೆ ತಿರುಗಿ ಗಟ್ಟಿಯಾಗಿ ಬಂತು. ಅವರು ಬೆರಳಿನಿಂದ ಮೀಟಿ ನೋಡಿ ಇದು ಹೊಲದ ಪೈರಿನ ಹಾಗೇ ಇದೆ ಎಂದರು. ಮೆಂತ್ಯವನ್ನು ಎರಡು ಸಲ ಕೊಯ್ದೆವು. ಪಾಲಕ್ ಮಾತ್ರ ಟೈಮರ್ ಬದಲಿಸುವ ಮೊದಲೇ ಹೂದಂಟು ಎತ್ತಿತು, ಅದನ್ನು ಕಿತ್ತು ಮತ್ತೆ ಬಿತ್ತಿದ್ದೇನೆ. ಮೆಣಸಿನ ಸಸಿಗಳು ನಲವತ್ತು ಕೂಡಿವೆ, ಈ ಭಾನುವಾರ ಗುಡಿಬಂಡೆಗೆ ಒಯ್ದು ಮೈದುನನ ಹೊಲದಲ್ಲಿ ನಾಟಿ ಮಾಡಿಸಬೇಕೆಂದು ಅತ್ತೆಯವರು ಹೇಳುತ್ತಿದ್ದಾರೆ.

ಸಸಿಮಡಿ (ಚಿಂತಾಮಣಿ)
ಬಹಳ ಸಂತೋಷವಾಯಿತು. ಆದರೆ ಈ ಭಾನುವಾರ ಒಯ್ಯಬೇಡಿ. ಕೋಣೆಯ ಹನ್ನೆರಡು ಸಾವಿರ ಲಕ್ಸಿನಲ್ಲಿ ಬೆಳೆದ ಎಲೆಗೆ ಒಮ್ಮೆಲೇ ಲಕ್ಷ ಲಕ್ಸಿನ ಬಿಸಿಲು ಬಿದ್ದರೆ ಒಂದೇ ದಿನಕ್ಕೆ ಬಿಳಿಯಾಗಿ ಸುಟ್ಟುಹೋಗುತ್ತದೆ, ಗಾಳಿಯನ್ನೂ ಅದು ಕಂಡಿಲ್ಲ. ವಾರದ ಕಾಲ ಹದಗೊಳಿಸಬೇಕು. ಮೊದಲ ದಿನ ಬೆಳಗಿನ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆಯಂತೆ ಹೆಚ್ಚಿಸುತ್ತಾ ಹೊರಗಿಡಿ, ನೀರನ್ನು ಸ್ವಲ್ಪ ಕಡಿಮೆ ಮಾಡಿ.

ಬಾಡಿಗೆಮನೆ ತೋಟ (ಚಿಕ್ಕಬಳ್ಳಾಪುರ)
ಹಾಗೆಯೇ ಮಾಡುತ್ತೇನೆ ಅಣ್ಣ. ಅತ್ತೆಯವರಿಗೆ ಓದಿ ಹೇಳಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಟ್ರೇಗಳನ್ನು ಹೊಸ್ತಿಲ ಹೊರಗೆ ಇಡಬೇಕಂತೆ, ಕೋತಿ ಬಾರದಂತೆ ಕೋಲು ಹಿಡಿದು ತಾವೇ ಬಾಗಿಲಲ್ಲಿ ಕೂರುತ್ತಾರಂತೆ.